ಕಿವಿಯಪ್ಪನ ಎರಡು ಕೋಣೆಯ ಡಿಸ್ಕು

ಆ ಮನೆಯಲ್ಲಿ ಗುಟ್ಟೆಂಬುದು ಒಂದು ದಿನವೂ ಬಾಳಿಕೆ ಬಂದಿಲ್ಲ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಹೆಂಡತಿಗೆ ಕಿವಿ ಮಂದ, ಗಂಡನಿಗೆ ಗಂಟಲು ದೊಡ್ಡದು. ಇನ್ನು ಗುಟ್ಟು ಎಲ್ಲಿ ಅಡಗೀತು? ಮೇಲಿನ ಮಹಡಿಯ ಟೈಲರಮ್ಮನಂತೂ ಬಟ್ಟೆ ಹೊಲಿಸಲು ಬಂದವರನ್ನೆಲ್ಲ ಇದೇ ಮಾತು ಹೇಳಿ ನಗಿಸುತ್ತಿದ್ದಳು.

“ನಮ್ಮನೆ ಗಡಿಯಾರ ನಿಂತು ಎರಡು ವರ್ಷ ಆಯ್ತು. ಸೆಲ್ ಹಾಕಿಸೋ ಗೋಜಿಗೇ ಹೋಗಿಲ್ಲ ನಾನು. ಕೆಳಗಡೆ ‘ಮಾತ್ರೆ ತಗೊಂಡ್ಯೇನೇ’ ಅಂದ್ರೆ ಎಂಟು ಗಂಟೆ. ‘ನಲ್ಲಿ ನಿಲ್ಸೇ’ ಅಂದ್ರೆ ಒಂಬತ್ತು.”

ಆ ದೊಡ್ಡ ಗಂಟಲಿನ ಗಂಡನನ್ನು ಎಲ್ಲರೂ ಕರೆಯುತ್ತಿದ್ದುದು ಕಿವಿಯಪ್ಪ ಎಂದು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಕಿವಿ ಮಿಷನ್ ಮಾರುವ ಸಣ್ಣ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದವನು. ಕಿವಿಯ ಅಚ್ಚು ತೆಗೆಯುವುದು, ಮಿಷನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿ ಯಾರಿಗೆ ಎಷ್ಟು ಸದ್ದು ಬೇಕೋ ಅಷ್ಟಕ್ಕೆ ಹದ ಮಾಡುವುದು ಅವನ ಕಸುಬು. ಯಾರಾದರೂ ‘ಡಾಕ್ಟ್ರೇ’ ಎಂದರೆ ಕೈ ಮುಗಿದುಬಿಡುತ್ತಿದ್ದ. “ಡಾಕ್ಟ್ರು ಅನ್ಬೇಡ್ರಪ್ಪ. ನಾನು ಕಿವಿಗೆ ಅಳತೆ ತಗೊಳ್ಳೋ ಟೈಲರು.”

ಅಂಗಡಿಯಲ್ಲಿ ಅವನದೊಂದು ಪಾಠವಿತ್ತು. ಅಜ್ಜನನ್ನೋ ಅಮ್ಮನನ್ನೋ ಕರೆತಂದ ಮನೆಯವರಿಗೆಲ್ಲ ಅದನ್ನು ಬಾಯಿಪಾಠ ಮಾಡಿಸಿಯೇ ಕಳಿಸುತ್ತಿದ್ದ: “ತಲೆ ಆಡಿಸಿದ್ರು ಅಂದ ಮಾತ್ರಕ್ಕೆ ಕೇಳಿಸ್ತು ಅಂತ ತಿಳ್ಕೋಬೇಡಿ. ಕಿವಿ ಮಂದ ಆದೋರೆಲ್ಲ ತಲೆ ಆಡಿಸ್ತಾರೆ. ಮುಖ ಎದುರಿಗೆ ಇಟ್ಕೊಂಡು ಮಾತಾಡಿ. ಏನು ಹೇಳ್ದೆ ಅಂತ ಅವ್ರ ಬಾಯಿಂದ್ಲೇ ವಾಪಸ್ ಹೇಳ್ಸಿ.”

ಹೆಂಡತಿ ಸಿಕ್ಕಿದ್ದೂ ಈ ಪಾಠದಿಂದಲೇ. ಆಕೆ ಆಗ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಕೈ. ತಾಯಿಯ ಜತೆ ಬಂದು ಕೂತಳು. ಇವನು ಮಿಷನ್ ಹಾಕಿ, ಹಿಂದೆ ನಿಂತು ಏನೋ ಕೇಳಿದ. ಆಕೆ ತಲೆಯಾಡಿಸಿದಳು.

“ನಾನೇನು ಕೇಳ್ದೆ ಹೇಳಿ ನೋಡೋಣ.”

“ಕೇಳಿಸ್ತಾ ಅಂತ ಕೇಳಿದ್ರಿ.”

“ಇಲ್ಲ ತಾಯಿ. ನಿಮ್ಮ ಕೊಡೆ ಬಾಗಿಲ ಹತ್ರ ಬಿದ್ದಿದೆ, ಜನ ತುಳೀತಿದಾರೆ ಅಂದೆ.”

ತಾಯಿ ನಕ್ಕಳು, ಮಗಳು ಕೆಂಪಾದಳು. ಕೊಡೆ ಅಲ್ಲೇ ಉಳಿಯಿತು. ಅದನ್ನು ತಲುಪಿಸಲು ಹೋದವನು ಅಳಿಯನಾಗಿ ವಾಪಸು ಬಂದ.

ಮಕ್ಕಳಾಗಲಿಲ್ಲ. ಮೊದಲ ಮಹಡಿಯ ಎರಡು ಕೋಣೆಯ ಮನೆ, ಕಿಟಕಿ ಪಕ್ಕ ಒಂದು ಮೇಜು, ಗೋಡೆಗೊಂದು ಬೆತ್ತದ ಕುರ್ಚಿ. ಅಷ್ಟರಲ್ಲೇ ಮೂವತ್ತು ವರ್ಷ ಮಾತಾಡಿಕೊಂಡು ಕಳೆದರು. ವರ್ಷಕ್ಕೊಮ್ಮೆ ಅವಳ ಕಿವಿ ಒಂದು ಮೆಟ್ಟಿಲು ಇಳಿದರೆ ಇವನು ಮಿಷನ್ನನ್ನು ಒಂದು ಮೆಟ್ಟಿಲು ಏರಿಸುತ್ತಿದ್ದ. ಮಿಷನ್ ಮಾಡುವ ಕಂಪನಿ ಬಾಗಿಲು ಹಾಕಿತು, ಅದರ ಹಿಂದೆಯೇ ಅಂಗಡಿಯೂ ಮುಚ್ಚಿತು. ಅಂಗಡಿಯ ಹಳೆಯ ಕಂಪ್ಯೂಟರನ್ನು ಇವನು ಮನೆಗೆ ಹೊತ್ತು ತಂದ. ಅವಳ ಮಿಷನ್ನಿಗೆ ಮಾತು ಕಲಿಸುವ ತಂತ್ರಾಂಶ ಇದ್ದದ್ದು ಅದರಲ್ಲಿ ಮಾತ್ರ. ಹೊಸ ಮಿಷನ್ನುಗಳನ್ನೂ ನೋಡಿದರು, ಒಂದಲ್ಲ ಎರಡು. ಎರಡನ್ನೂ ಅವಳು ತಿಂಗಳೊಪ್ಪತ್ತಿನಲ್ಲಿ ತೆಗೆದಿಟ್ಟಳು.

“ಪಾತ್ರೆ ಸದ್ದು ಕೇಳಿಸತ್ತೆ, ಬಾಗಿಲ ಸದ್ದು ಕೇಳಿಸತ್ತೆ. ನಿಮ್ಮನ್ನ ಮಾತ್ರ ಎಲ್ಲೋ ಬಾವಿಗೆ ಹಾಕಿದಾರೆ.”

ಇಷ್ಟರವರೆಗೆ ಸುಖದ ಕಥೆ. ಇನ್ನು ಮುಂದಿನದು ಬೇರೆ.

ಕಿವಿಯಪ್ಪನ ಕೈ ನಡುಗಲು ಶುರುವಾಯಿತು. ಆಮೇಲೆ ಹೆಜ್ಜೆ ಗಿಡ್ಡವಾಯಿತು. ಆಮೇಲೆ ಮುಖ ಬಿಗಿಯಿತು. ನಕ್ಕರೂ ನಕ್ಕಂತೆ ಕಾಣದು, ಅತ್ತರೂ ಅತ್ತಂತೆ ಕಾಣದು. ಕೊನೆಗೆ ಆ ಕಾಯಿಲೆ ದನಿಗೆ ಬಾಯಿ ಹಾಕಿತು. ಬೀದಿಗೆಲ್ಲ ಗಂಟೆ ತಿಳಿಸುತ್ತಿದ್ದ ಗಂಟಲು ಬರಬರುತ್ತ ಕಾಗದ ಸರಿದಷ್ಟು ಸಣ್ಣಗಾಯಿತು. ಟೈಲರಮ್ಮ ಗಡಿಯಾರಕ್ಕೆ ಸೆಲ್ ಹಾಕಿಸಿದಳು.

ಬೇರೆ ಮನೆಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಇಲ್ಲಿ ಹೇಳುವವನ ದನಿ ಇಳಿಯುತ್ತ ಬಂತು, ಕೇಳುವವಳ ಕಿವಿಯೂ ಇಳಿಯುತ್ತ ಬಂತು. ತುಟಿ ನೋಡಿ ತಿಳಿಯೋಣವೆಂದರೆ ತುಟಿಯೇ ಅಲುಗದು. ಬರೆದು ತೋರಿಸೋಣವೆಂದರೆ ಮೊದಲ ಅಕ್ಷರ ಕಡಲೆಯಷ್ಟು, ಮೂರನೆಯದು ರಾಗಿಯಷ್ಟು, ಆಮೇಲೆ ಬರೀ ಗೀಟು. ಮಾತನ್ನು ಅಕ್ಷರ ಮಾಡುವ ಫೋನು ತಂದರು; ಅದಕ್ಕೂ ಇವನ ದನಿ ಸಿಗದೆ ಪರದೆ ಬೆಳ್ಳಗೆ ಉಳಿಯಿತು. ಉಳಿದದ್ದು ಒಂದೇ ದಾರಿ: ಮಿಷನ್ನನ್ನು ಇನ್ನೆರಡು ಮೆಟ್ಟಿಲು ಏರಿಸುವುದು. ಅಷ್ಟಾದರೆ ಅವಳಿಗೆ ಇವನ ದನಿ ಸಿಗುತ್ತದೆ. ಅವಳ ಕಿವಿಯ ಲೆಕ್ಕ ಅವನಿಗೆ ತನ್ನ ಅಂಗೈಯಷ್ಟು ಗೊತ್ತು.

ಹಳೆಯ ಕಂಪ್ಯೂಟರು ಅದೇ ಹೊತ್ತಿಗೆ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಅದರೊಳಗಿನ ಡಿಸ್ಕೂ ಹೋಗಿದೆ ಎಂದ ರಿಪೇರಿಯವನು. ಪುಣ್ಯಕ್ಕೆ ಕಿವಿಯಪ್ಪ ತಂತ್ರಾಂಶವನ್ನೂ ಹೆಂಡತಿಯ ಕಿವಿಯ ದಾಖಲೆಗಳನ್ನೂ ‘ಕಿವಿ’ ಎಂಬ ಫೋಲ್ಡರಿನಲ್ಲಿ ಕಟ್ಟಿ, ಹೊರಗಿನ ಹಾರ್ಡ್ ಡಿಸ್ಕೊಂದರಲ್ಲಿ ಇಟ್ಟುಕೊಂಡಿದ್ದ. ಸಿಗರೇಟು ಪ್ಯಾಕಿನಷ್ಟಿದ್ದ ಆ ಕಪ್ಪು ಡಬ್ಬಿಯೊಂದೇ ಈಗ ಗತಿ.

ಆ ವಾರವೇ ಆಸ್ಪತ್ರೆಯವರು ದಿನ ಗೊತ್ತು ಮಾಡಿದರು. ತಿಂದದ್ದು ಶ್ವಾಸನಾಳಕ್ಕೆ ಇಳಿಯುತ್ತಿದೆ, ಸೋಮವಾರ ಸೇರಿಸಿ, ಗಂಟಲಿಗೆ ನಳಿಗೆ ಹಾಕಬೇಕು ಎಂದರು. ಆಮೇಲೆ ಮಾತು? ಬರುವುದು ಕಷ್ಟ ಎಂದರು ಡಾಕ್ಟರು.

ಹೆಂಡತಿಯ ತಮ್ಮ ಬೇರೆ ಊರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು, ಕಂಪ್ಯೂಟರ್ ಬಲ್ಲವನು. ಅವನು ತನ್ನ ಲ್ಯಾಪ್‌ಟಾಪೊಂದನ್ನು ಬಸ್ಸಿಗೆ ಹಾಕಿ ಕಳಿಸಿದ. ಅದರ ಹೊಸ ಸಿಸ್ಟಮ್ಮಿಗೆ ಹಳೆಯ ತಂತ್ರಾಂಶ ಒಗ್ಗುವುದಿಲ್ಲ. ಒಂದಕ್ಕೊಂದು ಅತ್ತೆ ಸೊಸೆ. ಅದಕ್ಕೇ ಅವನು ಕಂಡುಕೊಂಡ ಉಪಾಯವೆಂದರೆ, ಹೊರಗಿನ ಡಿಸ್ಕನ್ನು ಎರಡು ಕೋಣೆ ಮಾಡುವುದು. ಒಂದರಲ್ಲಿ ಇದ್ದ ಸಾಮಾನು ಇದ್ದ ಹಾಗೇ ಇರಲಿ. ಇನ್ನೊಂದನ್ನು ಖಾಲಿ ಮಾಡಿ ಅಲ್ಲಿ ಹಳೆಯ ಆಪರೇಟಿಂಗ್ ಸಿಸ್ಟಮ್ಮನ್ನು ಕೂರಿಸಿದರೆ, ಲ್ಯಾಪ್‌ಟಾಪು ಆ ಡಿಸ್ಕಿನಿಂದಲೇ ಎದ್ದು, ತಾನು ಹಳೆಯ ಕಂಪ್ಯೂಟರೆಂದೇ ನಂಬುತ್ತದೆ. ಅದಕ್ಕೆ ಬೇಕಾದ ಪೆನ್ ಡ್ರೈವನ್ನೂ ಕಳಿಸಿದ್ದ, ಹದಿನಾಲ್ಕು ಹೆಜ್ಜೆ ಬರೆದ ಒಂದು ಹಾಳೆಯನ್ನೂ ಇಟ್ಟಿದ್ದ. ತಾನೇ ಬರಬೇಕೆಂದರೆ ಮುಂದಿನ ವಾರವಂತೆ.

“ಮುಂದಿನ ವಾರ ಬಂದು ನಮ್ಮ ಮುಖ ನೋಡ್ತಾನಾ ಇವ್ನು,” ಎಂದಳು ಹೆಂಡತಿ. “ನಾವೇ ಮಾಡೋಣ ರೀ. ಗಡಿಯಾರ ಬಿಚ್ಚಿ ಜೋಡ್ಸಿದೀನಿ, ಇದೊಂದು ಡಬ್ಬಿ ಹೆಚ್ಚಾ?”

“ಅಣ್ಣತಮ್ಮ ಇಲ್ದೋನ ಮನೇಲೂ ಪಾಲು ತಪ್ಪಲಿಲ್ಲ ನೋಡು,” ಎಂದ ಕಿವಿಯಪ್ಪ. ಅವಳಿಗೆ ಕೇಳಿಸಲಿಲ್ಲ. ಎರಡನೇ ಸಲ ಹೇಳುವಷ್ಟು ಉಸಿರು ಇರಲಿಲ್ಲ. ತಮಾಷೆ ಹಾಗೆಯೇ ಒಣಗಿತು.

ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಕೂತರು. ಇವನ ಕೈಗೆ ಮೌಸು ಕೊಟ್ಟರೆ ಬಾಣದ ಗುರುತು ಪರದೆಯ ತುಂಬ ಕುಣಿಯುತ್ತದೆ. ಹಾಗಾಗಿ ಕೈ ಅವಳದು, ಬುದ್ಧಿ ಇವನದು. ಅವಳು ಪರದೆಗೆ ಮುಖ ಮಾಡಿ ಕೂತಳು. ಇವನ ಬೆತ್ತದ ಕುರ್ಚಿ ಅವಳ ಬೆನ್ನ ಹಿಂದೆ. ಭುಜಕ್ಕೆ ಒಂದು ತಟ್ಟು ತಟ್ಟಿದರೆ ‘ಮುಂದೆ ಹೋಗು’ ಎಂದು, ಎರಡು ತಟ್ಟಿದರೆ ‘ನಿಲ್ಲು’ ಎಂದು ಒಪ್ಪಂದ.

ಎರಡನೇ ಹೆಜ್ಜೆಗೆ ಬಂದಾಗ ತಮ್ಮನ ಫೋನು ಬಂತು. ಕಿವಿಯಪ್ಪ ಎತ್ತಿದ.

“ಭಾವ, ಒಂದು ಬರೆಯೋದು ಬಿಟ್ಟೋಯ್ತು. ಎಲ್ಲಕ್ಕಿಂತ ಮೊದ್ಲು ಆ ಕಿವಿ ಫೋಲ್ಡರನ್ನ ಲ್ಯಾಪ್‌ಟಾಪಿಗೆ ಕಾಪಿ ಮಾಡ್ಕೊಂಡ್ಬಿಡಿ. ಆಮೇಲೆ ಏನೇ ಎಡವಟ್ಟಾದ್ರೂ ಭಯ ಇಲ್ಲ. ಅಕ್ಕನಿಗೆ ಹೇಳ್ತೀರಾ? ಭಾವ? ಇದೀರಾ? ಕೇಳಿಸ್ತಿಲ್ಲ.”

“ಇದೀನಪ್ಪ,” ಎಂದ ಇವನು. ಫೋನಿಗೂ ಕೇಳಿಸಲಿಲ್ಲ. ಅದು ಕಟ್ಟಾಯಿತು.

ಇವನು ಮುಂದಕ್ಕೆ ಬಾಗಿ, ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಹೇಳಿದ: “ಮೊದ್ಲು ಕಿವಿ ಫೋಲ್ಡರನ್ನ ಲ್ಯಾಪ್‌ಟಾಪಿಗೆ ಕಾಪಿ ಮಾಡ್ಕೋ.”

ಅವಳು ಪರದೆಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದಳು. ಮೌಸು ಅತ್ತಿತ್ತ ಓಡಾಡಿತು, ಏನೇನೋ ಕಿಟಕಿ ತೆರೆದು ಮುಚ್ಚಿಕೊಂಡವು. ಮಾಡಿದಳು ಎಂದುಕೊಂಡ.

ಡಿಸ್ಕಿನ ಉದ್ದ ಪಟ್ಟಿ ಪರದೆಯ ಮೇಲೆ ಬಂತು. ನಡುವೆ ಗೀಟೆಳೆದು ಸರಿಯಾಗಿ ಅರ್ಧ ಮಾಡಬೇಕು. ಗೀಟನ್ನು ಬಲಗಡೆಯಿಂದ ಎಳೆಯಿರಿ ಎಂದು ತಮ್ಮ ಬರೆದಿದ್ದ. ಅವಳು ಎಡಗಡೆಯಿಂದ ಎಳೆದಳು. ಎಲ್ಲಿಂದ ಎಳೆದರೂ ಅರ್ಧ ಅರ್ಧವೇ ಅಲ್ಲವೇ ಎಂದು ಇವನೂ ಸುಮ್ಮನಾದ. ಖಾಲಿ ಕೋಣೆ ಹಿಂದೆ ಬರಬೇಕಾದದ್ದು ಮುಂದೆ ಬಂತು, ಅದು ಇಬ್ಬರಿಗೂ ತಿಳಿಯಲಿಲ್ಲ. ಪೆನ್ ಡ್ರೈವ್ ಸಿಕ್ಕಿಸಿ ಲ್ಯಾಪ್‌ಟಾಪನ್ನು ಮತ್ತೆ ಎಬ್ಬಿಸಿದರು. ಹಳೆಯ ಸಿಸ್ಟಮ್ಮು ಎಲ್ಲಿ ಇಳಿಯಲಿ ಎಂದು ಕೇಳಿತು. ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡು ಸಾಲು; ಎರಡೂ ಒಂದೇ ಅಳತೆ, ಒಂದಕ್ಕೂ ಹೆಸರಿಲ್ಲ.

“ಎರಡೂ ಅವಳಿ ಜವಳಿ ಇದ್ದ ಹಾಗಿದೆ ರೀ. ತಮ್ಮ ಎರಡನೇ ಸಾಲು ಒತ್ತು ಅಂತ ಬರ್ದಿದಾನೆ. ಒತ್ಲಾ?”

ಕಿವಿಯಪ್ಪನಿಗೆ ಅನುಮಾನ ಬಂತು. ಭುಜಕ್ಕೆ ಎರಡು ತಟ್ಟು ತಟ್ಟಿದ. ಅವಳು ನಿಂತಳು. ಕಾಪಿ ಇದೆಯಲ್ಲ, ಇನ್ನೇನು ಭಯ ಎಂದು ತನಗೆ ತಾನೇ ಹೇಳಿಕೊಂಡು, ಅವಳ ಕಿವಿಯ ಹತ್ತಿರ ಬಾಗಿದ.

“ಕಾಪಿ ಮಾಡ್ಕೊಂಡಿದೀಯ ತಾನೇ?”

ತಲೆ ಆಡಿತು. ಗಲ್ಲ ಎದೆಗೆ ತಾಗುವಷ್ಟು ಚೆನ್ನಾಗಿ, ಎರಡು ಸಲ.

ಇವನು ಭುಜಕ್ಕೆ ಒಂದು ತಟ್ಟು ತಟ್ಟಿದ. ಅವಳು ಒತ್ತಿದಳು.

ನಲವತ್ತು ನಿಮಿಷ ಪಟ್ಟಿ ತುಂಬುತ್ತ ಹೋಯಿತು. ಹಳೆಯ ಸಿಸ್ಟಮ್ಮಿನ ಆ ತಿಳಿನೀಲಿ ಪರದೆ ಬಂದಾಗ ಅವಳು ಕುರ್ಚಿಯಲ್ಲೇ ತಿರುಗಿ ನಕ್ಕಳು. ವರ್ಷಗಟ್ಟಲೆ ಕಾಣದ ನಂಟರು ಬಾಗಿಲಿಗೆ ಬಂದಂತೆ. ಕಿವಿಯಿಂದ ಮಿಷನ್ ತೆಗೆದು ಮೇಜಿನ ಮೇಲಿಟ್ಟಳು, ಅದರ ವೈರು ಹುಡುಕಿ ಸಿಕ್ಕಿಸಿದಳು. ಆಮೇಲೆ ಮೊದಲ ಕೋಣೆ ತೆರೆದಳು. ಖಾಲಿ. ಎರಡನೆಯದನ್ನು ತೆರೆದಳು. ಅಲ್ಲಿ ಈಗ ಬಂದು ಕೂತ ಸಿಸ್ಟಮ್ಮಿನ ಸಾಮಾನು ಬಿಟ್ಟರೆ ಬೇರೇನೂ ಇಲ್ಲ.

“ಕಿವಿ ಫೋಲ್ಡರ್ ಎಲ್ಲಿ ರೀ?”

“ಲ್ಯಾಪ್‌ಟಾಪಲ್ಲಿ ಕಾಪಿ ಇದೆಯಲ್ಲ.”

“ಏನಂದ್ರಿ?”

ಇನ್ನೊಮ್ಮೆ ಹೇಳಿದ. ಅವಳು ಮಿಷನ್ನನ್ನು ಮತ್ತೆ ಕಿವಿಗೆ ಹಾಕಿಕೊಂಡು, ಇವನ ಬಾಯಿಗೆ ಕಣ್ಣು ನೆಟ್ಟು ನಿಂತಳು. ಮೂರನೇ ಸಲಕ್ಕೆ ಒಂದು ಪದ ಸಿಕ್ಕಿತು.

“ಕಾಪಿ? ಯಾವ ಕಾಪಿ?”

ಕಿವಿಯಪ್ಪ ಖಾಲಿ ಪರದೆಯನ್ನೂ ಅವಳನ್ನೂ ನೋಡಿದ. ಮೂವತ್ತೊಂದು ವರ್ಷ ಊರಿಗೆಲ್ಲ ಹೇಳಿದ ಪಾಠ! ಮುಖ ಎದುರಿಗೆ ಇರಲಿ, ವಾಪಸ್ ಹೇಳಿಸಿ. ತಾನು ಬೆನ್ನ ಹಿಂದೆ ಕೂತು ಕೇಳಿದ್ದ, ಅವಳ ತಲೆಯಾಟವನ್ನು ನಂಬಿದ್ದ. ದೀಪದ ಬುಡದಲ್ಲೇ ಕತ್ತಲೆ ಎಂದು ಸುಮ್ಮನೆ ಹೇಳಿದ್ದಾರೆಯೇ?

ಅವಳು ಮೇಜಿನ ಅಂಚು ಹಿಡಿದು ಮೆಲ್ಲಗೆ ಕೂತಳು. “ನೀವು ಏನೋ ಅಂದ್ರಿ ಅಂತ ಗೊತ್ತಾಯ್ತು ರೀ. ಏನು ಅಂತ ಗೊತ್ತಾಗ್ಲಿಲ್ಲ. ಮತ್ತೆ ಮತ್ತೆ ಕೇಳಿದ್ರೆ ನಿಮಗೆ ಉಸಿರು ಕಟ್ಟತ್ತೆ. ಕೆಮ್ಮು ಬರತ್ತೆ. ಅದಕ್ಕೇ ತಲೆ ಆಡ್ಸಿದೆ.”

“ನಿನ್ನ ತಪ್ಪಲ್ಲ ಕಣೆ,” ಎಂದ.

ಅವಳು ಇವನ ಮುಖವನ್ನೇ ನೋಡುತ್ತಿದ್ದಳು. ಮುಖ ಮುಚ್ಚಿದ ಬಾಗಿಲಿನಂತಿತ್ತು. ಅವಳ ಕಣ್ಣಿನಲ್ಲಿ ಏನು ಮೂಡಿತೆಂದು ಇವನಿಗೆ ತಿಳಿಯಿತು: ಕೋಪ ಬಂದಿದೆ, ಅದಕ್ಕೇ ಹೀಗೆ ನೋಡುತ್ತಿದ್ದಾರೆ ಎಂದುಕೊಂಡಿದ್ದಳು. ಇಲ್ಲ ಎನ್ನಲು ಹುಬ್ಬು ಏರಿಸಲು ಹೋದ. ಹುಬ್ಬು ಏರಲಿಲ್ಲ.

ತಮ್ಮನಿಗೆ ಸಂದೇಶ ಕಳಿಸಿದರು. ನನ್ನ ಹತ್ತಿರ ಆ ತಂತ್ರಾಂಶ ಎಲ್ಲಿದೆ, ಆ ಕಂಪನಿಯೇ ಸತ್ತು ವರ್ಷಗಳಾದವು, ಡಿಸ್ಕನ್ನು ಇನ್ನು ಮುಟ್ಟಲೇಬೇಡಿ ಎಂದು ಉತ್ತರ ಬಂತು. ಶನಿವಾರ ಅವಳು ಡಿಸ್ಕನ್ನು ಸೆರಗಿನಲ್ಲಿ ಸುತ್ತಿ, ಕಳೆದ ಫೈಲು ಹುಡುಕಿಕೊಡುವ ಅಂಗಡಿಗೆ ಒಯ್ದಳು. ಕಿವಿಯಪ್ಪ ಹಟ ಹಿಡಿದು ಆಟೋ ಹತ್ತಿ ಜತೆಗೆ ಹೋದ. ಅಂಗಡಿಯವನು ಮೂರು ಗಂಟೆ ಹುಡುಕಿ ತಲೆ ಕೆರೆದುಕೊಂಡ.

“ಅಮ್ಮಾ, ಬರೀ ಅಳಿಸಿದ್ರೆ ತೆಗೀಬಹುದಿತ್ತು. ನೀವು ಅಳಿಸಿ, ಅದ್ರ ಮೇಲೇ ಹೊಸದು ಬರ್ದಿದೀರಿ. ಕೆಳಗಿಂದು ಹೋಯ್ತು. ಒಂದಷ್ಟು ಫೋಟೋ ಸಿಕ್ಕಿವೆ, ನೋಡಿ ನಿಮ್ದೇನಾ ಅಂತ.”

ಪರದೆಯ ಮೇಲೆ ಕಿವಿಗಳು ಬಂದವು. ಅಚ್ಚು ತೆಗೆಯುವ ಮುಂಚೆ ಕಿವಿಯಪ್ಪ ಹಿಡಿದಿಟ್ಟುಕೊಂಡಿದ್ದ ಗಿರಾಕಿಗಳ ಕಿವಿಗಳು. ಮುದುಕರ ಜೋತ ಕಿವಿ, ಮಗುವಿನ ಗುಂಡು ಕಿವಿ, ಕೂದಲು ಬೆಳೆದ ಕಿವಿ. ಎಣಿಸಿದರೆ ಮೂವತ್ತೇಳು. ಅಂಗಡಿಯವನು ಒಂದೊಂದನ್ನೇ ತೋರಿಸುತ್ತ ಹೋದ. ಅವಳು ಬಗ್ಗಿ ಬಗ್ಗಿ ನೋಡಿದಳು. ಅವಳದು ಅದರಲ್ಲಿ ಇರಲಿಲ್ಲ.

“ಊರವರ ಕಿವಿ ಎಲ್ಲ ಉಳೀತು ನೋಡಿ,” ಎಂದಳು. ಆ ಮಾತಿಗೆ ಅಂಗಡಿಯವನು ನಗಬೇಕೋ ಬಿಡಬೇಕೋ ತಿಳಿಯದೆ ಕೀಬೋರ್ಡಿನ ಧೂಳು ಒರೆಸಿದ.

ಭಾನುವಾರ ಅವಳು ಸುಮ್ಮನೆ ಕೂರಲಿಲ್ಲ. ಬಟ್ಟೆ ಒಗೆಯುವ ಮಿಷನ್ನಿನ ಹಳೆಯ ಪೈಪು ಕತ್ತರಿಸಿ ತಂದಳು. ಒಂದು ತುದಿಗೆ ಎಣ್ಣೆ ಸುರಿಯುವ ಆಲಿಕೆ ಸಿಕ್ಕಿಸಿ ಇವನ ಬಾಯಿಗೆ ಹಿಡಿದಳು, ಇನ್ನೊಂದು ತುದಿಯನ್ನು ತನ್ನ ಕಿವಿಗೆ ಒತ್ತಿಕೊಂಡಳು. “ಹೇಳಿ. ಏನಾದ್ರೂ ಹೇಳಿ.” ಇವನು ಹೇಳಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ತುಂಬ ಹೊತ್ತು ಕೇಳಿದಳು.

“ಗಾಳಿ ಬರ್ತಿದೆ,” ಎಂದಳು. “ಬೆಚ್ಚಗಿದೆ.”

ಮಧ್ಯಾಹ್ನ ಕಿವಿಯಪ್ಪ ಸನ್ನೆ ಮಾಡಿ ಪೆನ್ನು ತೆಗೆದುಕೊಂಡ. ‘ಕೋಪ ಇಲ್ಲ’ ಎಂದು ಎರಡು ಪದ ಬರೆಯಲು ಕಾಲು ಗಂಟೆ ಹಿಡಿಯಿತು. ‘ಕೋ’ ಒಂದು ಮಟ್ಟಿಗೆ ನಿಂತಿತು. ಉಳಿದದ್ದು ಇಲಿ ಬಾಲ. ಅವಳು ಗಡಿಯಾರದ ಕಾಲದ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಕಿಟಕಿಯ ಬೆಳಕಿನಲ್ಲಿ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಓದಲಾಗಲಿಲ್ಲ. ಏನು ಬರೆದಿರಿ ಎಂದು ಕೇಳಲೂ ಇಲ್ಲ. ಕೇಳಲು ಹೆದರಿದಳೆಂದು ಇವನಿಗೆ ಗೊತ್ತಾಯಿತು. ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ಬೈಗುಳವೆಂದುಕೊಂಡದ್ದನ್ನು ಯಾರಾದರೂ ಹಾಗೆ ಇಟ್ಟುಕೊಳ್ಳುತ್ತಾರೆಯೇ?

ಸೋಮವಾರ ಬೆಳಗ್ಗೆ ಟೈಲರಮ್ಮ ಚೀಲ ಹೊರಲು ಕೆಳಗಿಳಿದು ಬಂದಳು. ಹೆಂಡತಿ ಟವೆಲು ಮಡಿಸುತ್ತಿದ್ದಳು. ಕಿವಿಯಪ್ಪ ಟೈಲರಮ್ಮನ ತೋಳು ಹಿಡಿದು ಬಗ್ಗಿಸಿದ. ಅವಳು ತನ್ನ ಕಿವಿಯನ್ನು ಅವನ ತುಟಿಗೇ ತಂದು, ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು. ಆಮೇಲೆ ಎದ್ದು ಹೋಗಿ ಹೆಂಡತಿಯ ಮುಂದೆ ನಿಂತಳು.

“ಅಕ್ಕಾ, ಇಲ್ಲಿ ನೋಡಿ. ಅಣ್ಣನಿಗೆ ಕೋಪ ಇಲ್ವಂತೆ. ತಪ್ಪು ಅವ್ರದ್ದೇ ಅಂತೆ. ಹಿಂದೆ ಕೂತು ಕೇಳ್ಬಾರ್ದಿತ್ತು ಅಂತಿದಾರೆ.”

ಹೆಂಡತಿ ಅವಳ ತುಟಿಯನ್ನು ಪೂರ್ತಿ ಓದಿದಳು. ಟವೆಲು ಮಡಿಲಲ್ಲಿಟ್ಟುಕೊಂಡು ಮಂಚದ ತುದಿಗೆ ಕೂತಳು.

“ಕೋಪ ಇಲ್ಲ ಅಂದ್ರಾ?”

“ಅದನ್ನೇ ಅಂದ್ರು ಅಕ್ಕ.”

“ಸರಿ,” ಎಂದಳು. ಟವೆಲಿನ ಮಡಿಕೆ ನೀವುತ್ತ, “ನಿಮ್ಮ ಬಾಯಲ್ಲಿ ಬಂತಲ್ಲಮ್ಮ. ಅವ್ರ ದನೀಲಿ ಬೇಕಾಗಿತ್ತು ನಂಗೆ,” ಎಂದಳು.

ಟೈಲರಮ್ಮ ಕಣ್ಣೊರೆಸಿಕೊಂಡು ಮತ್ತೆ ಕಿವಿಯಪ್ಪನ ಹತ್ತಿರ ಬಗ್ಗಿದಳು. “ಇನ್ನೇನಾದ್ರೂ ಹೇಳ್ಬೇಕಾ ಅಣ್ಣ? ಹೇಳಿ, ನಾನು ಹೇಳ್ತೀನಿ.”

ಹೇಳಬೇಕಾದದ್ದು ಇತ್ತು. ಆದರೆ ಹೆಂಡತಿಗೆ ಹೇಳುವ ಮಾತನ್ನು ಮೇಲ್ಮನೆಯವಳ ಕಿವಿಯೊಳಗೆ ಹೇಗೆ ಹಾಕುವುದು? ಅವನು ಕೈಸನ್ನೆಯಲ್ಲೇ ಬೇಡವೆಂದ.

ಕೆಳಗೆ ಗಾಡಿ ಹಾರನ್ ಮಾಡಿತು. ಹೆಂಡತಿ ಗ್ಯಾಸು ನೋಡಿದಳು, ಕಿಟಕಿ ಹಾಕಿದಳು, ಬೀಗ ಹಾಕಿ ಕೀಲಿಯನ್ನು ಟೈಲರಮ್ಮನ ಕೈಗೆ ಕೊಟ್ಟಳು. ಕಿವಿಯಪ್ಪ ಆ ಬಾಗಿಲು ದಾಟಿದ್ದು ಅದೇ ಕೊನೆ. ಇಳಿಯಲು ಇಪ್ಪತ್ತೆರಡು ಮೆಟ್ಟಿಲು. ಅವಳು ಒಂದು ಮೆಟ್ಟಿಲು ಕೆಳಗೆ ನಿಂತು, ಅವನ ಎರಡೂ ಮೊಣಕೈ ಹಿಡಿದು, ಕಣ್ಣನ್ನು ಅವನ ಪಾದದ ಮೇಲಿಟ್ಟು ಹಿಮ್ಮುಖವಾಗಿ ಇಳಿಯತೊಡಗಿದಳು.

ಮೂರನೇ ಮೆಟ್ಟಿಲಿಗೆ ಅವನು ಮಾತು ಶುರುಮಾಡಿದ. ಅದು ಕಂಡದ್ದೇ ಟೈಲರಮ್ಮ ಚೀಲ ಹಿಡಿದು ಮೇಲೆಯೇ ನಿಂತುಬಿಟ್ಟಳು, ತನ್ನ ಕಿವಿಗೆ ಬೀಳದಷ್ಟು ದೂರದಲ್ಲಿ.

“ನಿನ್ನ ಮಿಷನ್ನಲ್ಲಿ ನಾನು ಕಳ್ಳತನ ಮಾಡಿದೀನಿ ಕಣೆ,” ಎಂದ ಕಿವಿಯಪ್ಪ. “ಪ್ರತಿ ವರ್ಷ ಹದ ಮಾಡುವಾಗ ನನ್ನ ದನಿ ಬರೋ ಕಡೆ ಸದ್ದು ಒಂದು ಗೆರೆ ಜಾಸ್ತಿ ಇಡ್ತಿದ್ದೆ. ಬೇರೆಯವ್ರಿಗೆ ಒಂದು ಗೆರೆ ಕಮ್ಮಿ. ನಿನ್ನ ತಮ್ಮನಿಗೂ ಕಮ್ಮಿ. ಹಾಗೆ ಮಾಡ್ಬಾರ್ದು. ಗಿರಾಕಿಗೆ ಹಾಗ್ಮಾಡಿದ್ರೆ ಯಜಮಾನ್ರು ಒದ್ದು ಓಡಿಸ್ತಿದ್ರು. ಹೊಸ ಮಿಷನ್ನು ನಿಂಗೆ ಯಾಕೆ ಹಿಡಿಸ್ಲಿಲ್ಲ ಅಂತ ನಂಗೊಬ್ಬನಿಗೇ ಗೊತ್ತಿತ್ತು.”

“ಎಡಗಾಲು,” ಎಂದಳು ಅವಳು. “ಹಾಂ. ಇನ್ನು ಹನ್ನೊಂದು.”

“ಕೇಳಿದ್ರೆ ಬೈತೀಯ ಅಂತ ಹೇಳ್ಲಿಲ್ಲ. ಬೈದಿದ್ರೂ ಆಗ್ತಿತ್ತು.”

“ಮೆಲ್ಲಗೆ. ಅವಸರ ಏನಿಲ್ಲ. ಗೋಡೆ ಹಿಡ್ಕೊಳ್ಳಿ.”

ಅವನು ಗೋಡೆ ಹಿಡಿದುಕೊಂಡ. ಉಸಿರು ಸಾಲದೆ ಒಮ್ಮೆ ಕೆಮ್ಮಿದ. ಅವಳು ಅವನ ಎದೆಗೆ ಅಂಗೈ ಇಟ್ಟು, ಕೆಮ್ಮು ಇಳಿಯುವ ತನಕ ಕಾದಳು. ಆಮೇಲೆ ಮತ್ತೆ ಪಾದದ ಕಡೆ ನೋಡಿದಳು. ಅವನು ಮತ್ತೆ ಮಾತು ಮುಂದುವರಿಸಿದ. ಉಳಿದ ಮೆಟ್ಟಿಲುಗಳಷ್ಟೂ ಹೊತ್ತು ಅವನ ತುಟಿ ಒಂದು ನೂಲಿನಷ್ಟು ಅಲುಗುತ್ತಲೇ ಇತ್ತು.

“ನಾಲ್ಕು. ಮೂರು. ಇದು ಕೊಂಚ ಎತ್ತರದ್ದು, ನೋಡ್ಕೊಂಡು. ಆಯ್ತು, ಇನ್ನು ನೆಲ.”

ಬೀದಿಯ ಬಿಸಿಲು ಅವರ ಮೇಲೆ ಬಿತ್ತು. ಡ್ರೈವರು ಹಿಂದಿನ ಬಾಗಿಲು ತೆರೆದು ಹಿಡಿದಿದ್ದ.